ಮೂರು ಸಲ ಕೊಡಿಸಿದರೂ ಹಸು ಗಬ್ಬ ಕಟ್ಟುತ್ತಿಲ್ಲ, ಏಕೆ?

ಪ್ರಶ್ನೆ: ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಹಸು 21 ದಿನಕ್ಕೊಮ್ಮೆ ತಪ್ಪದೆ ಬೆದೆಗೆ ಬರುತ್ತದೆ. ಕೂಗಿದ ತಕ್ಷಣ ಡಾಕ್ಟರನ್ನು ಕರೆಸಿ ಕೃತಕ ಗರ್ಭಧಾರಣೆ ಮಾಡಿಸುತ್ತೇವೆ. ಮೂರು ಸಲವಾಯಿತು, ಗಬ್ಬ ನಿಂತಿಲ್ಲ. ಮಾರಿಬಿಡುವುದೇ?

ಉತ್ತರ: ಮಾರುವ ಮಾತು ಈಗಲೇ ಬೇಡ. ‘ತಕ್ಷಣ’ ಎಂದಿದ್ದೀರಲ್ಲ, ನಮ್ಮ ಮೊದಲ ಅನುಮಾನ ಅದರ ಮೇಲೆಯೇ. ಹಸುವಿನ ಅಂಡ ಹೊರಬರುವುದು ಬೆದೆ ಮುಗಿದು ಸುಮಾರು 10–12 ಗಂಟೆಯಾದ ಮೇಲೆ. ವೀರ್ಯಾಣು ಗರ್ಭಕೋಶದಲ್ಲಿ ಹೆಚ್ಚುಕಡಿಮೆ ಒಂದು ದಿನ ಬದುಕುತ್ತದೆ. ಕೂಗಿದೊಡನೆ ಹಾಕಿಸಿದರೆ ಅಂಡ ಬರುವಷ್ಟರಲ್ಲಿ ವೀರ್ಯಾಣು ಸತ್ತಿರುತ್ತದೆ.

ಕೂಗುವುದು, ಮೇವು ಬಿಡುವುದು ಬರೀ ಮುನ್ಸೂಚನೆ. ಬೇರೆ ದನ ಮೈಮೇಲೆ ಹತ್ತಿದಾಗ ಕದಲದೆ ನಿಂತರೆ ಅದು ನಿಜವಾದ ಬೆದೆ. ಗಂಟೆ ಎಣಿಸಬೇಕಾದದ್ದು ಅಲ್ಲಿಂದ. ಬೆಳಿಗ್ಗೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೊಡಿಸಿ. ಒಂಟಿ ಹಸುವಾದರೆ ಯೋನಿಯಿಂದ ಇಳಿಯುವ ಲೋಳೆಯೇ ಗುರುತು: ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ತುಂಡಾಗದೆ ಜೋತಾಡಬೇಕು. ಬೆಳಿಗ್ಗೆ, ಸಂಜೆ ಅರ್ಧ ಗಂಟೆಯಾದರೂ ನಿಂತು ನೋಡದೆ ಇದು ತಿಳಿಯುವುದಿಲ್ಲ. ಬೆದೆ ಕಳೆದ ಒಂದೆರಡು ದಿನಕ್ಕೆ ಸ್ವಲ್ಪ ರಕ್ತ ಕಂಡರೆ ಗಾಬರಿ ಬೇಡ. ಗಬ್ಬ ನಿಂತಿದೆಯೋ ಇಲ್ಲವೋ ಎಂಬುದು ಅದರಿಂದ ಗೊತ್ತಾಗದು.

ಇನ್ನೊಂದು ತಪ್ಪು ಸ್ಟ್ರಾ, ಅಂದರೆ ಹೆಪ್ಪುಗಟ್ಟಿಸಿದ ವೀರ್ಯ ತುಂಬಿದ ಸಣ್ಣ ಕೊಳವೆ, ಕರಗಿಸುವಲ್ಲಿ ಆಗುತ್ತದೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ತೆಗೆದ ಸ್ಟ್ರಾವನ್ನು 37 ಡಿಗ್ರಿ ನೀರಿನಲ್ಲಿ 30 ಸೆಕೆಂಡ್ ಇಡಬೇಕು. ಅಂಗೈಯಲ್ಲಿ ಉಜ್ಜಿ ಕರಗಿಸುವುದು ಸರಿಯಲ್ಲ. ಡಾಕ್ಟರು ಬರುವ ಹೊತ್ತಿಗೆ ಉಗುರು ಬೆಚ್ಚಗಿನ ನೀರು ಸಿದ್ಧವಿಡಿ.

ಸಮಯ ಸರಿಮಾಡಿದ ಮೇಲೂ ನಿಲ್ಲದಿದ್ದರೆ ಲೋಳೆ ನೋಡಿ. ಮಬ್ಬಾಗಿದ್ದರೆ, ಕೀವಿನ ಎಳೆಗಳಿದ್ದರೆ ಗರ್ಭಕೋಶದಲ್ಲಿ ಸೋಂಕಿದೆ. ಆ ಬೆದೆಗೆ ವೀರ್ಯ ಹಾಕಿಸದೆ ಚಿಕಿತ್ಸೆ ಕೊಡಿಸಿ. ಬೆದೆ 21 ದಿನ ಬಿಟ್ಟು 35–40 ದಿನಕ್ಕೆ ಬಂತೆಂದರೆ ಭ್ರೂಣ ಕಟ್ಟಿ ಸತ್ತಿರಬಹುದು, ಇಲ್ಲವೇ ನಡುವಿನ ಬೆದೆ ನಿಮ್ಮ ಕಣ್ಣು ತಪ್ಪಿರಬಹುದು.

ಹಿಂದೆ ಐದು ತಿಂಗಳು ದಾಟಿದ ಮೇಲೆ ಕಂದು ಹಾಕಿ, ಮಾಸು ಬೀಳದೆ ಉಳಿದಿತ್ತೇ? ಹಾಗಿದ್ದರೆ ಕಂದು ಹಾಕಿಸುವ ಬ್ರುಸೆಲ್ಲಾ ರೋಗಾಣುವಿಗಾಗಿ ರಕ್ತಪರೀಕ್ಷೆ ಮಾಡಿಸಲೇಬೇಕು. ಈ ರೋಗ ಮನುಷ್ಯರಿಗೂ ಹರಡುತ್ತದೆ. ಸತ್ತ ಕರು, ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ, ಸುಣ್ಣ ಹಾಕಿ ಆಳವಾಗಿ ಹೂಳಿ. ಹಾಲನ್ನು ಕಾಯಿಸದೆ ಕುಡಿಯಬೇಡಿ. ಕೊಟ್ಟಿಗೆಯಲ್ಲಿ 4ರಿಂದ 8 ತಿಂಗಳ ಹೆಣ್ಣುಕರುಗಳಿದ್ದರೆ ಬ್ರುಸೆಲ್ಲಾ ಲಸಿಕೆ ಹಾಕಿಸಿ. ಗಂಡುಕರುಗಳಿಗೂ ಗಬ್ಬದ ಹಸುಗಳಿಗೂ ಅದನ್ನು ಹಾಕಿಸುವಂತಿಲ್ಲ.