ಬುಷ್‌ವ್ಯಾಕರ್: ಭಾನುವಾರದ ಡ್ರೈವರ್‌ಗೆ ಶನಿವಾರ ಇಲ್ಲೇನು ಕೆಲಸ?

ಇಂಗ್ಲಿಷ್‌ನಲ್ಲಿ ಬುಷ್ ಅಂದರೆ ಪೊದೆ. ಪೊದೆಯಲ್ಲಿ ಅಡಗಿ ಕೂತು ದಾರಿಹೋಕರ ಮೇಲೆ ಎರಗುವವನು ಬುಷ್‌ವ್ಯಾಕರ್. 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧ ನಡೆದಾಗ ಮಿಸ್ಸೂರಿ ಕಡೆ ಹೊಂಚುಹಾಕಿ ಹೊಡೆಯುತ್ತಿದ್ದ ಗುಂಪುಗಳನ್ನು ಜನ ಹೀಗೇ ಕರೆಯುತ್ತಿದ್ದರು. ಆಮೇಲೆ ಎಷ್ಟೋ ಕಾಲಕ್ಕೆ ಈ ಪದ ಕಾರ್ ರೇಸಿನ ಅಭಿಮಾನಿಗಳ ಬಾಯಿಗೆ ಬಿತ್ತು. ಅದಕ್ಕೆ ಕಾರಣ ಒಂದು ಬಿಯರ್ ಬ್ರ್ಯಾಂಡ್.

ಅಮೆರಿಕದಲ್ಲಿ ನಾಸ್ಕಾರ್ ನಡೆಸುವ ಸ್ಟಾಕ್ ಕಾರ್ ರೇಸಿಂಗ್ ಗೊತ್ತಲ್ವಾ? ಹೊರಗಿನಿಂದ ನೋಡಿದರೆ ಶೋರೂಮ್ ಕಾರಿನ ಹಾಗೆ ಕಾಣುತ್ತದೆ, ಒಳಗೆ ಪೂರ್ತಿ ರೇಸಿಗೆಂದೇ ಕಟ್ಟಿದ ಗಾಡಿ. ಇದರಲ್ಲಿ ರಾಷ್ಟ್ರಮಟ್ಟದ ಸರಣಿಗಳು ಮೂರು. ಎಲ್ಲಕ್ಕಿಂತ ಮೇಲೆ ಕಪ್ ಸರಣಿ, ಸಾಮಾನ್ಯವಾಗಿ ಭಾನುವಾರ. ಅದರ ಕೆಳಗೆ ಎರಡನೇ ಸರಣಿ, ಹೆಚ್ಚಾಗಿ ಶನಿವಾರ. ಮೂರನೆಯದು 1995ರಲ್ಲಿ ಶುರುವಾದ ಪಿಕಪ್ ಟ್ರಕ್‌ಗಳ ಸರಣಿ. ಈ ಎರಡನೇ ಸರಣಿಗೆ 1984ರಿಂದ 2007ರವರೆಗೆ ಬುಷ್ ಬಿಯರ್‌ನ ಪ್ರಾಯೋಜಕತ್ವ ಇತ್ತು. ಹಾಗಾಗಿ ಅದು ಬುಷ್ ಸರಣಿ. ಬಿಯರ್‌ನ ಸ್ಪೆಲಿಂಗ್ ಬೇರೆ, ಉಚ್ಚಾರ ಮಾತ್ರ ಪೊದೆಯದ್ದೇ. ಭಾನುವಾರ ಕಪ್‌ನಲ್ಲಿ ಓಡಿಸುವ ದೊಡ್ಡ ಡ್ರೈವರ್ ಶನಿವಾರವೂ ಬಂದು, ಇನ್ನೂ ಮೇಲೇರಬೇಕಾದ ಹುಡುಗರ ರೇಸ್ ಗೆದ್ದುಕೊಂಡು ಹೋದರೆ? ಅವನೇ ಬುಷ್‌ವ್ಯಾಕರ್. ಅವನು ಮಾಡುವ ಕೆಲಸ ಬುಷ್‌ವ್ಯಾಕಿಂಗ್. ತಮಾಷೆಯ ಪದ, ಒಳಗೆ ಸ್ವಲ್ಪ ಹೊಟ್ಟೆಯುರಿ.

ಕ್ರಿಕೆಟ್ ನೋಡುವ ನಮಗೆ ಇದು ವಿಚಿತ್ರ ಅನ್ನಿಸಬಹುದು. ಸ್ಟಾರ್‌ಗಳು ರಣಜಿ ಆಡುವುದಿಲ್ಲ ಅನ್ನುವುದು ನಮ್ಮ ದೂರು. 2025ರ ಜನವರಿಯಲ್ಲಿ ವಿರಾಟ್ ಕೊಹ್ಲಿ ದೆಹಲಿ ಪರ, ಕೆ.ಎಲ್. ರಾಹುಲ್ ಕರ್ನಾಟಕದ ಪರ ರಣಜಿಗೆ ಇಳಿದಾಗ ನಾವು ಖುಷಿಪಟ್ಟೆವು. ಅಲ್ಲಿಯವರ ದೂರು ಪೂರ್ತಿ ಉಲ್ಟಾ: ಸ್ಟಾರ್‌ಗಳು ಯಾಕೆ ಬರುತ್ತಾರೆ?

ಅವರು ಬರುವುದಕ್ಕೆ ಕಾರಣಗಳಿವೆ. ಮೊದಲನೆಯದು ಟ್ರ್ಯಾಕ್. ಡಾಂಬರಿನ ಮೇಲೆ ಟೈರ್ ಉಜ್ಜಿ ಉಜ್ಜಿ ರಬ್ಬರ್ ಪದರ ಕೂರುತ್ತದೆ. ಬಿಸಿಲು ಏರಿದಾಗ ಹಿಡಿತ ಒಂದು ತರ, ಮೋಡ ಮುಚ್ಚಿದಾಗ ಇನ್ನೊಂದು ತರ. ಮೇಲಿನ ಸಾಲಿನಲ್ಲಿ, ಅಂದರೆ ಹೊರಗೋಡೆಯ ಕಡೆ, ಓಡಿಸಿದರೆ ವೇಗವೋ, ಕೆಳಗಿನ ಸಾಲಿನಲ್ಲೋ ಅನ್ನುವುದು ಶನಿವಾರ ನೂರಿನ್ನೂರು ಸುತ್ತು ಓಡಿಸಿದವನಿಗೆ ಗೊತ್ತಿರುತ್ತದೆ. ಭಾನುವಾರ ಅದು ಕೆಲಸಕ್ಕೆ ಬರುತ್ತದೆ. ಮೊದಲೆಲ್ಲ ಎರಡೂ ಸರಣಿಯ ಕಾರುಗಳು ಹೆಚ್ಚುಕಡಿಮೆ ಒಂದೇ ತರ ಇದ್ದವು, ಈ ಲೆಕ್ಕಾಚಾರ ಸರಿಯಾಗಿಯೇ ಇತ್ತು. ಈಗ ಅಷ್ಟು ಗಟ್ಟಿಯಿಲ್ಲ. 2022ರಲ್ಲಿ ಬಂದ ಹೊಸ ಕಪ್ ಕಾರಿನ ಚಕ್ರಕ್ಕೆ ಮಧ್ಯದಲ್ಲಿ ಒಂದೇ ನಟ್. ಕೆಳಗಿನ ಸರಣಿಯ ಕಾರಿಗೆ ಹಳೆಯ ಹಾಗೆ ಐದು. ಗೇರ್‌ಬಾಕ್ಸ್ ಬೇರೆ, ಹಿಂಬದಿಯ ಸಸ್ಪೆನ್ಷನ್ ಬೇರೆ. ಒಂದನ್ನು ಓಡಿಸಿ ಇನ್ನೊಂದನ್ನು ಕಲಿತೆ ಅಂದರೆ ಅರ್ಧ ಮಾತ್ರ ನಂಬಬೇಕು.

ಎರಡನೆಯದು ದುಡ್ಡು. ಕಾರಿನ ಬಾನೆಟ್ ಮೇಲೆ ಹೆಸರು ಬರೆಸುವ ಕಂಪನಿಗೆ ಟಿವಿಯಲ್ಲಿ ಜನ ಗುರುತಿಸುವ ಮುಖ ಬೇಕು. ಟ್ರ್ಯಾಕ್ ಮಾಲೀಕನಿಗೆ ಶನಿವಾರದ ಟಿಕೆಟ್ ಖರ್ಚಾಗಬೇಕು. ಮೂರನೆಯದನ್ನು ಜನ ಮರೆಯುತ್ತಾರೆ: ಇವರಿಗೆ ಓಡಿಸುವುದೇ ಒಂದು ಹುಚ್ಚು. ಕಪ್ ಡ್ರೈವರ್ ಮಾರ್ಕ್ ಮಾರ್ಟಿನ್ ಎರಡನೇ ಸರಣಿಯಲ್ಲಿ 49 ರೇಸ್ ಗೆದ್ದಿದ್ದರು, ಬಹಳ ಕಾಲ ಅದೇ ದಾಖಲೆ. ಅವರನ್ನು ಬೈದವರು ಕಡಿಮೆ.

ಬೈಗುಳ ಜೋರಾದದ್ದು ಚಾಂಪಿಯನ್ ಪಟ್ಟವೇ ಹುಡುಗರ ಕೈತಪ್ಪಿದಾಗ. ಪ್ರತಿ ರೇಸಿನ ಸ್ಥಾನಕ್ಕೆ ಸಿಕ್ಕ ಅಂಕಗಳನ್ನು ಸೀಸನ್ ಪೂರ್ತಿ ಕೂಡಿಸಿ ಕೊಡುತ್ತಿದ್ದ ಪಟ್ಟ ಅದು. 2006ರಲ್ಲಿ ಕಪ್‌ನಲ್ಲೂ ಪೂರ್ತಿ ಸೀಸನ್ ಓಡಿಸುತ್ತಿದ್ದ ಕೆವಿನ್ ಹಾರ್ವಿಕ್, ಬುಷ್ ಸರಣಿಯ ಪಟ್ಟವನ್ನು 800ಕ್ಕೂ ಹೆಚ್ಚು ಅಂಕಗಳ ಅಂತರದಲ್ಲಿ ಗೆದ್ದರು. ಮುಂದಿನ ವರ್ಷ ಕಾರ್ಲ್ ಎಡ್ವರ್ಡ್ಸ್. ಆಮೇಲೆ ಕ್ಲಿಂಟ್ ಬೋಯರ್, ಕೈಲ್ ಬುಷ್, ಬ್ರ್ಯಾಡ್ ಕೆಸಲೋಸ್ಕಿ. ಸತತ ಐದು ವರ್ಷ ಕೆಳಗಿನ ಮೆಟ್ಟಿಲಿನ ಚಾಂಪಿಯನ್ ಮೇಲಿನ ಮೆಟ್ಟಿಲಿನವನೇ! ಹತ್ತನೇ ಕ್ಲಾಸಿನ ಬಹುಮಾನವನ್ನು ಕಾಲೇಜು ಹುಡುಗ ಹೊಡೆದುಕೊಂಡು ಹೋದ ಹಾಗಾಯಿತು.

2011ರಲ್ಲಿ ನಾಸ್ಕಾರ್ ಒಂದು ನಿಯಮ ತಂದಿತು. ಡ್ರೈವರ್ ಯಾವ ಸರಣಿಯ ಚಾಂಪಿಯನ್‌ಷಿಪ್‌ಗೆ ಅಂಕ ಬೇಕು ಅಂತ ಸೀಸನ್ ಶುರುವಿನಲ್ಲೇ ಹೇಳಬೇಕು. ಒಂದಕ್ಕೆ ಮಾತ್ರ. ಪಟ್ಟ ಹುಡುಗರಿಗೆ ವಾಪಸ್ ಸಿಕ್ಕಿತು, ಗೆಲುವು ಸಿಗಲಿಲ್ಲ. ಕಪ್ ಡ್ರೈವರ್‌ಗಳು ಅಂಕವಿಲ್ಲದೆಯೇ ಬಂದು ಗೆಲ್ಲುತ್ತಿದ್ದರು. 2013ರಲ್ಲಿ ಕೈಲ್ ಬುಷ್ ಒಬ್ಬರೇ 12 ರೇಸ್ ಗೆದ್ದರು. ಆ ವರ್ಷ ಚಾಂಪಿಯನ್ ಆದ ಆಸ್ಟಿನ್ ಡಿಲನ್ ಗೆದ್ದ ರೇಸ್‌ಗಳು ಎಷ್ಟು? ಸೊನ್ನೆ. ಒಂದೂ ಗೆಲ್ಲದೆ ಚಾಂಪಿಯನ್. ನಿಯಮ ಯಾವ ಗಾಯಕ್ಕೆ ಪಟ್ಟಿ ಕಟ್ಟಿತು, ಯಾವುದಕ್ಕೆ ಕಟ್ಟಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕೈಲ್ ಬುಷ್ ವಿಷಯಕ್ಕೆ ಬರಲೇಬೇಕು. ಬಿಯರ್‌ಗೂ ಇವರ ಮನೆತನಕ್ಕೂ ಸಂಬಂಧವಿಲ್ಲ, ಹೆಸರು ಸುಮ್ನೆ ಕೂಡಿಬಂದಿದೆ. ಎರಡನೇ ಸರಣಿಯಲ್ಲಿ 102 ಗೆಲುವು, ಯಾರೂ ಹತ್ತಿರಕ್ಕೂ ಇಲ್ಲ. ಟ್ರಕ್ ಸರಣಿಯಲ್ಲೂ 60ಕ್ಕೂ ಜಾಸ್ತಿ. 2010ರ ಆಗಸ್ಟ್‌ನಲ್ಲಿ ಬ್ರಿಸ್ಟಲ್ ಟ್ರ್ಯಾಕಿನಲ್ಲಿ ಬುಧವಾರ ಟ್ರಕ್, ಶುಕ್ರವಾರ ಎರಡನೇ ಸರಣಿ, ಶನಿವಾರ ರಾತ್ರಿ ಕಪ್, ಮೂರನ್ನೂ ಗೆದ್ದರು. 2017ರಲ್ಲಿ ಅದೇ ಜಾಗದಲ್ಲಿ ಮತ್ತೊಮ್ಮೆ ಮೂರನ್ನೂ. ಗೆದ್ದಾಗ ಕಾರಿನಿಂದ ಇಳಿದು, ನಾಟಕದ ನಟನ ಹಾಗೆ ಸೊಂಟ ಬಗ್ಗಿಸಿ ಜನಕ್ಕೆ ನಮಸ್ಕಾರ ಮಾಡುವುದು ಅವರ ಪದ್ಧತಿ. ಜನ ಬೂ ಅಂದಷ್ಟೂ ಇನ್ನಷ್ಟು ಬಗ್ಗುತ್ತಿದ್ದರು. 2009ರಲ್ಲಿ ನ್ಯಾಶ್‌ವಿಲ್‌ನಲ್ಲಿ ಗೆದ್ದಾಗ ಟ್ರೋಫಿಯಾಗಿ ಕೊಟ್ಟದ್ದು ಕಲಾವಿದ ಸ್ಯಾಮ್ ಬಾಸ್ ಚಿತ್ರ ಬರೆದ ಗಿಬ್ಸನ್ ಗಿಟಾರ್. ಅದನ್ನು ವಿಜಯವೇದಿಕೆಯಲ್ಲೇ ನೆಲಕ್ಕೆ ಬಡಿದರು. ಟೀಮಿನವರಿಗೆ ಒಂದೊಂದು ತುಂಡು ಹಂಚೋಣ ಅಂತಿದ್ದೆ ಅನ್ನುವುದು ಅವರ ಸಮಜಾಯಿಷಿ. ಆ ಗಿಟಾರ್ ಒಂದು ಸಿಕ್ಕರೆ ಜೀವಮಾನವಿಡೀ ಗೋಡೆಗೆ ನೇತುಹಾಕಿಕೊಳ್ಳುತ್ತಿದ್ದ ಹುಡುಗರು ಅದೇ ರೇಸಿನಲ್ಲಿ ಓಡಿಸಿದ್ದರು. ಸಿಟ್ಟು ಬರದೇ ಇರುತ್ತದಾ?

2020ರಲ್ಲಿ ಕೈಲ್ ಟ್ರಕ್ ಸರಣಿಯಲ್ಲಿ, ತಾವು ಇಳಿದ ರೇಸ್‌ಗಳಲ್ಲಿ, ಸತತ ಏಳನೇ ಸಲ ಗೆದ್ದಾಗ ಹಾರ್ವಿಕ್ ಒಂದು ಪಂದ್ಯ ಕಟ್ಟಿದರು. ಹೌದು, 2006ರ ಅದೇ ಹಾರ್ವಿಕ್. ಕೈಲ್‌ನನ್ನು ಟ್ರಕ್‌ನಲ್ಲಿ ಸೋಲಿಸಿ ರೇಸ್ ಗೆಲ್ಲುವ ಕಪ್ ಡ್ರೈವರ್‌ಗೆ 50 ಸಾವಿರ ಡಾಲರ್ ಅಂದರು. ಉದ್ಯಮಿ ಮಾರ್ಕಸ್ ಲೆಮೋನಿಸ್ ಇನ್ನೊಂದು 50 ಸಾವಿರ ಸೇರಿಸಿದರು. ಆ ಮೇ ತಿಂಗಳಲ್ಲಿ ಶಾರ್ಲೆಟ್‌ನಲ್ಲಿ ಚೇಸ್ ಎಲಿಯಟ್ ಗೆದ್ದರು, ಕೈಲ್ ಎರಡನೆಯವರು. ಕೋವಿಡ್ ಕಾಲ, ಸ್ಟ್ಯಾಂಡ್‌ಗಳೆಲ್ಲ ಖಾಲಿ. ಎಲಿಯಟ್ ಕಾಮೆಂಟೇಟರ್‌ಗಳಿಗಾಗಿಯೋ ಕ್ಯಾಮೆರಾಕ್ಕಾಗಿಯೋ ಟ್ರಕ್ ಪಕ್ಕ ನಿಂತು, ಕೈಲ್‌ನ ಹಾಗೆಯೇ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಹಣ ಕೋವಿಡ್ ಪರಿಹಾರಕ್ಕೆ ಹೋಯಿತು. ಒಳ್ಳೆಯ ಮಜಾ. ಆದರೆ ಗಮನಿಸಿ, ಟ್ರಕ್ ಸರಣಿಯ ರೇಸಿನಲ್ಲಿ ಆ ಸರಣಿಯ ಹುಡುಗರ ಸುದ್ದಿಯೇ ಇಲ್ಲ.

ಇಷ್ಟು ಹೇಳಿದ ಮೇಲೂ ತಪ್ಪೆಲ್ಲ ಡ್ರೈವರ್‌ದು ಅಂತ ನನಗೆ ಅನ್ನಿಸುವುದಿಲ್ಲ. ಕೈಲ್ ತನ್ನದೇ ಟ್ರಕ್ ಟೀಮ್ ಕಟ್ಟಿ ನಡೆಸಿದರು. ಎರಿಕ್ ಜೋನ್ಸ್, ವಿಲಿಯಂ ಬೈರನ್, ಕ್ರಿಸ್ಟೋಫರ್ ಬೆಲ್ ಅಲ್ಲಿಂದಲೇ ಕಪ್‌ಗೆ ಹೋದವರು. ಪ್ರಶ್ನೆ ಇರುವುದು ಸೀಟಿನದ್ದು. ಸ್ಟಾರ್ ಯಾರದೋ ಬಡ ಟೀಮಿನ ಕಾರು ಹತ್ತಿ ಬರುವುದಿಲ್ಲ. ಕಪ್‌ನಲ್ಲಿ ಕೋಟಿ ಸುರಿಯುವ ಟೀಮ್‌ಗಳೇ ಕೆಳಗೂ ಕಾರು ಇಳಿಸುತ್ತವೆ, ಆ ಅತ್ಯುತ್ತಮ ಕಾರಿನ ಸೀಟು ಅವನಿಗೆ. ಹುಡುಗ ಸೋಲುವುದು ಸ್ಟಾರ್‌ಗೋ ಅವನ ಕಾರಿಗೋ ಅಂತ ಯಾರಿಗೂ ತಿಳಿಯುವುದಿಲ್ಲ.

ರಾಸ್ ಚಾಸ್ಟೇನ್ ಕಥೆ ಇದನ್ನು ಬಿಡಿಸಿ ಹೇಳುತ್ತದೆ. ಫ್ಲೋರಿಡಾದ ಕಲ್ಲಂಗಡಿ ಬೆಳೆಯುವ ಮನೆತನದ ಹುಡುಗ. ವರ್ಷಗಟ್ಟಲೆ ಸಣ್ಣ ಟೀಮಿನ ಕಾರಿನಲ್ಲಿ ಹಿಂದೆ ಹಿಂದೆಯೇ ಓಡಿಸುತ್ತಿದ್ದರು. 2018ರಲ್ಲಿ ದೊಡ್ಡ ಟೀಮೊಂದು ಎರಡನೇ ಸರಣಿಯ ಮೂರೇ ಮೂರು ರೇಸಿಗೆ ಕರೆಯಿತು. ಮೊದಲನೆಯದು ಡಾರ್ಲಿಂಗ್ಟನ್. ಎಲ್ಲರಿಗಿಂತ ಮುಂದಿನ ಜಾಗದಿಂದ ಶುರು ಮಾಡಿ, ರೇಸಿನ ಬಹುಭಾಗ ಮುಂದೆಯೇ ಇದ್ದರು. ಮುಂಚೂಣಿಗಾಗಿ ಗುದ್ದಾಡುವಾಗ ಒಬ್ಬ ಕಪ್ ಡ್ರೈವರ್ ಜೊತೆ ತಾಗಾಟವಾಗಿ ಅವಕಾಶ ಹೋಯಿತು. ಯಾರು ಅಂತೀರಾ? ಮತ್ತೆ ಹಾರ್ವಿಕ್. ರೇಸ್ ಗೆದ್ದದ್ದು ಇನ್ನೊಬ್ಬ ಕಪ್ ಡ್ರೈವರ್, ಕೆಸಲೋಸ್ಕಿ. ಅದೇ ತಿಂಗಳು ಲಾಸ್ ವೇಗಸ್‌ನಲ್ಲಿ, ಅದೇ ಕಾರಿನಲ್ಲಿ, ಚಾಸ್ಟೇನ್ ಗೆದ್ದರು. ಕಲ್ಲಂಗಡಿಯನ್ನು ಟ್ರ್ಯಾಕಿಗೆ ಬಡಿದು ಒಡೆದರು. ಹಾರ್ವಿಕ್‌ನಂಥವನ ಸಮಕ್ಕೆ ಓಡಿಸಿದ್ದು ಕಂಡಿದ್ದರಿಂದಲೇ ಜನರಿಗೆ ಈತನ ತೂಕ ತಿಳಿದದ್ದು. ಅಂದರೆ ಸ್ಟಾರ್ ಬೇಕು, ಅಳತೆಗೋಲಿನ ಹಾಗೆ. ಜೊತೆಗೆ ಹುಡುಗನಿಗೂ ಒಳ್ಳೆಯ ಕಾರು ಬೇಕು. ಎರಡನೆಯದು ಸಿಗದ ಕಡೆ ಮೊದಲನೆಯದು ಬರೀ ಹೊಡೆತ.

ನಾಸ್ಕಾರ್ ಎರಡನೆಯದನ್ನು ಕೊಡಿಸಲಾಗದೆ ಮೊದಲನೆಯದಕ್ಕೆ ಲೆಕ್ಕ ಹಾಕಿತು. 2017ರಲ್ಲಿ, ಐದು ವರ್ಷಕ್ಕಿಂತ ಹೆಚ್ಚು ಕಪ್ ಅನುಭವ ಇರುವವರಿಗೆ ಎರಡನೇ ಸರಣಿಯಲ್ಲಿ ಸೀಸನ್‌ಗೆ 10 ರೇಸ್, ಟ್ರಕ್‌ನಲ್ಲಿ 7 ಅಂತ ಮಿತಿ ಬಂತು. ಮುಂದಿನ ವರ್ಷ 7 ಮತ್ತು 5. 2020ಕ್ಕೆ ಎರಡರಲ್ಲೂ ಐದೈದು, ಅನುಭವದ ಲೆಕ್ಕವೂ ಮೂರು ವರ್ಷಕ್ಕೆ ಇಳಿಯಿತು. ಪಟ್ಟ ತೀರ್ಮಾನವಾಗುವ ಕೊನೆಯ ರೇಸ್‌ಗಳಿಗೆ ಇವರು ಬರುವಂತೆಯೇ ಇರಲಿಲ್ಲ. ಹತ್ತಕ್ಕಿಂತ ಐದು ವಾಸಿಯಾಗಿತ್ತು, ನಿಜ. ಆ ಐದು ದಿನ ಕಾರಿನ ಲೆಕ್ಕ ಮಾತ್ರ ಮೊದಲಿನ ಹಾಗೇ ಇತ್ತು.

ಪದಕ್ಕೆ ಏನಾಯಿತು ಅಂತ ಕೇಳಿದರೆ, ಅದು ಹಾಗೇ ಉಳಿಯಿತು. 2008ರಲ್ಲಿ ಬಿಯರ್ ಹೋಗಿ ನೇಷನ್‌ವೈಡ್ ವಿಮಾ ಕಂಪನಿ ಬಂದಾಗ ಕೆಲವರು ಕ್ಲೇಮ್ ಜಂಪರ್ ಅಂತ ಹೊಸ ಹೆಸರು ಇಟ್ಟು ನೋಡಿದರು. ಚಿನ್ನದ ಗಣಿಯ ಕಾಲದಲ್ಲಿ ಇನ್ನೊಬ್ಬ ಗುರುತು ಹಾಕಿದ ಜಾಗ ಕಬಳಿಸುವವನಿಗೆ ಆ ಹೆಸರಿತ್ತು. ವಿಮೆಯ ಕ್ಲೇಮ್ ಜೊತೆ ಶ್ಲೇಷೆ. ಚೆನ್ನಾಗೇ ಇದೆ, ಯಾಕೋ ಜನರ ನಾಲಿಗೆಗೆ ಹತ್ತಲಿಲ್ಲ. 2015ರಲ್ಲಿ ಎಕ್ಸ್‌ಫಿನಿಟಿ ಬಂತು, 2026ರಿಂದ ವಾಹನ ಬಿಡಿಭಾಗ ಮಾರುವ ಓರೈಲಿ. ಬಿಯರ್ ಹೋಗಿ ಇಷ್ಟು ವರ್ಷವಾದರೂ, ಶನಿವಾರದ ಪಟ್ಟಿಯಲ್ಲಿ ಭಾನುವಾರದ ಹೆಸರು ಕಂಡರೆ ಹಳೆಯ ಅಭಿಮಾನಿಗಳು ಈಗಲೂ ಬುಷ್‌ವ್ಯಾಕರ್ ಅನ್ನುತ್ತಾರೆ.