ಓದಲು ಕಷ್ಟಪಡುವ ಮಗನನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸಬಹುದಾ?

ಪ್ರಶ್ನೆ: ನಾವು ಕಾಪು ಹತ್ತಿರದವರು. ಮಗನಿಗೆ ಹತ್ತು ವರ್ಷ, ಐದನೇ ಕ್ಲಾಸು. ಬಾಯಲ್ಲಿ ಕೇಳಿದರೆ ಎಲ್ಲ ಹೇಳುತ್ತಾನೆ, ಓದಲು ಬರೆಯಲು ಕೂತರೆ ಅಳು. ಡಿಸ್ಲೆಕ್ಸಿಯಾ (ಅಕ್ಷರ ಓದಿ ಬರೆಯಲು ಕಷ್ಟವಾಗುವ ಕಲಿಕೆಯ ತೊಂದರೆ) ಇರಬಹುದು ಅಂತ ಟೀಚರ್ ಹೇಳಿದ್ದಾರೆ. ತಂಗಿ ಎರಡನೇ ಕ್ಲಾಸು, ಅಣ್ಣನ ಪುಸ್ತಕವನ್ನೂ ಓದಿಬಿಡುತ್ತಾಳೆ. ಈಗ ಬೆಳಿಗ್ಗೆ ವ್ಯಾನ್ ಹಾರ್ನ್ ಕೇಳಿದರೆ ಸಾಕು, ಅವನಿಗೆ ಹೊಟ್ಟೆನೋವು ಶುರು. ಶಾಲೆ ಬಿಡಿಸಿ ಮನೆಯಲ್ಲೇ ಕಲಿಸಬಹುದಾ? ಕಾನೂನಿನ ತೊಂದರೆ ಬರುತ್ತಾ? ಎಸ್ಸೆಸ್ಸೆಲ್ಸಿಗೆ ಏನು ಮಾಡುವುದು? ಬಿಡಿಸಿದರೆ ಇಬ್ಬರನ್ನೂ ಬಿಡಿಸಬೇಕಾ?

ಉತ್ತರ: ಬಿಡಿಸಬಹುದು. ಆದರೆ ಈಗಲೇ ಟಿಸಿ ತೆಗೆದುಕೊಳ್ಳಬೇಡಿ. ಮಗಳನ್ನಂತೂ ಬಿಡಿಸಬೇಡಿ.

ಮಂಗಳೂರು, ಉಡುಪಿ ಕಡೆಯಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಎಲ್ಲರೂ ಮೊದಲು ಕೇಳುವುದು ಕಾನೂನಿನ ಬಗ್ಗೆ. ಹಾಗಾಗಿ ಅದನ್ನೇ ಮುಗಿಸಿಬಿಡೋಣ. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಿಂದ. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು ಅಪ್ಪ ಅಮ್ಮನ ಕರ್ತವ್ಯ ಎಂದು ಅದು ಹೇಳುತ್ತದೆ. ಸೇರಿಸದಿದ್ದರೆ ಅವರಿಗೆ ದಂಡ, ಜೈಲು ಎಂದು ಆ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಮನೆಶಿಕ್ಷಣ ಮಾಡಿ ಎಂದೂ ಹೇಳುವುದಿಲ್ಲ, ಮಾಡಿದವರನ್ನು ಹಿಡಿಯಿರಿ ಎಂದೂ ಹೇಳುವುದಿಲ್ಲ. ಶಾಲೆ ಬಿಟ್ಟ ಮಕ್ಕಳ ಪಟ್ಟಿ ಮಾಡಲು ಟೀಚರೋ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಶಿಕ್ಷಣ ಇಲಾಖೆಯ ಸಿಆರ್‌ಪಿಯೋ ಮನೆಗೆ ಬರಬಹುದು. ಜಗಳ ಮಾಡಬೇಡಿ. ಮಗು ಏನು ಕಲಿಯುತ್ತಿದೆ ಎಂದು ಕಾಗದಪತ್ರ ತೋರಿಸಿ, ಒಂದು ಲೋಟ ಚಹಾ ಕೊಟ್ಟು ಮಾತಾಡಿ. ಅವರೂ ಮೇಲಿನವರಿಗೆ ಲೆಕ್ಕ ಕೊಡಬೇಕಲ್ವಾ?

ಇನ್ನೊಂದು ಮಾತು ಅನೇಕರಿಗೆ ಗೊತ್ತಿಲ್ಲ. ಒಮ್ಮೆ ಬಿಡಿಸಿದರೆ ಮತ್ತೆ ಸೇರಿಸಿಕೊಳ್ಳುವುದಿಲ್ಲ ಎಂಬ ಹೆದರಿಕೆ ಬೇಡ. ಅದೇ ಕಾಯ್ದೆಯ ನಾಲ್ಕನೇ ಸೆಕ್ಷನ್ ಪ್ರಕಾರ ಹೊರಗಿರುವ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿಯನ್ನೂ ಕೊಡಬೇಕು.

ಈಗ ನಿಮ್ಮ ಮಗನ ವಿಷಯ. 'ಇರಬಹುದು' ಎಂಬ ಮಾತಿನ ಮೇಲೆ ಏನನ್ನೂ ಮಾಡಬೇಡಿ. ಮೊದಲು ಕಣ್ಣು, ಕಿವಿ ತೋರಿಸಿ. ದೂರದ ಬೋರ್ಡು ಕಾಣದೆ ದಡ್ಡ ಅನ್ನಿಸಿಕೊಂಡ ಮಕ್ಕಳು ಬೇಕಾದಷ್ಟಿದ್ದಾರೆ. ಅದಾದ ಮೇಲೆ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಪೂರ್ತಿ ಪರೀಕ್ಷೆ ಮಾಡಿಸಿ. ಮಣಿಪಾಲ ನಿಮಗೆ ದೂರವಲ್ಲ, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲೂ ಆಗುತ್ತದೆ. ಬುದ್ಧಿಮಟ್ಟ ಒಂದು ಕಡೆ, ಓದು, ಬರಹ, ಲೆಕ್ಕ ಇನ್ನೊಂದು ಕಡೆ ಅಳೆಯುತ್ತಾರೆ. ಇದಕ್ಕೆ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆ ಬಳಕೆಯಲ್ಲಿದೆ. ಕಲಿಕೆಯ ತೊಂದರೆ ಹೌದು ಎಂದಾದರೆ ಯುಡಿಐಡಿ ಕಾರ್ಡಿಗೆ (ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿ) ಆನ್‌ಲೈನ್ ಅರ್ಜಿ ಹಾಕಿ. ಪ್ರಮಾಣಪತ್ರ ಕೊಡುವುದು ಸರ್ಕಾರಿ ವ್ಯವಸ್ಥೆ, ಉಡುಪಿಯವರಿಗೆ ಅಜ್ಜರಕಾಡು ಜಿಲ್ಲಾಸ್ಪತ್ರೆ, ಮಂಗಳೂರಿನವರಿಗೆ ವೆನ್ಲಾಕ್. 'ಅಂಗವಿಕಲ' ಎಂಬ ಕಾಗದ ಮಗನ ಹೆಸರಲ್ಲಿ ಯಾಕೆ ಎಂದು ಅಜ್ಜ ಅಜ್ಜಿ ಬೇಜಾರು ಮಾಡಿಕೊಳ್ಳಬಹುದು. ಮುಂದೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕ ಎಲ್ಲ ಸಿಗುವುದು ಆ ಕಾಗದದಿಂದಲೇ ಎಂದು ಅವರಿಗೆ ಹೇಳಿ.

ಆ ವರದಿ ಹಿಡಿದು ಶಾಲೆಗೂ ಒಮ್ಮೆ ಹೋಗಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. ಅದನ್ನು ಬೇಗ ಗುರುತಿಸಿ ತಕ್ಕ ಹಾಗೆ ಕಲಿಸುವುದು ಸರ್ಕಾರದ ಮಾನ್ಯತೆ ಪಡೆದ ಶಾಲೆಗಳ ಹೊಣೆ, ಅಂದರೆ ಖಾಸಗಿ ಶಾಲೆಗೂ ಇದು ಅನ್ವಯ. ಎಲ್ಲರೆದುರು ಗಟ್ಟಿಯಾಗಿ ಓದಿಸಬೇಡಿ, ಬೋರ್ಡಿನಿಂದ ಪ್ರತಿ ಮಾಡಿಸುವುದು ಕಡಿಮೆ ಮಾಡಿ, ಉತ್ತರ ಬಾಯಲ್ಲಿ ಕೇಳಿ. ಈ ಮೂರನ್ನು ಶಾಲೆಯವರ ಹತ್ತಿರ ಕೇಳಿ ನೋಡಿ. ಒಪ್ಪಿ ನಡೆಸಿದರೆ ಹೊಟ್ಟೆನೋವು ಅಲ್ಲಿಗೇ ನಿಲ್ಲಬಹುದು. 'ನಲವತ್ತು ಮಕ್ಕಳಲ್ಲಿ ಇವನೊಬ್ಬನಿಗೆ ಹೇಗೆ ಮಾಡುವುದು' ಎಂಬ ಉತ್ತರ ಬಂದರೆ, ಆಗ ಮನೆಯ ಮಾತು.

ಮನೆಯಲ್ಲಿ ಕಲಿಸಲು ಹೊರಟ ಹೆಚ್ಚಿನವರು ಎಡವುವುದು ಒಂದೇ ಕಡೆ. ಗೋಡೆಗೆ ಬೋರ್ಡು, ಒಂಬತ್ತೂವರೆಗೆ ಮೊದಲ ಪಿರಿಯಡ್, ಅಮ್ಮ ಟೀಚರ್. ಯಾವುದರಿಂದ ಮಗು ತಪ್ಪಿಸಿಕೊಂಡು ಬಂತೋ ಅದನ್ನೇ ಊಟದ ಕೋಣೆಗೆ ತಂದ ಹಾಗಾಯಿತು. ಅದೂ ಸಂಜೆ ನಾಲ್ಕಕ್ಕೆ ಬೆಲ್ ಹೊಡೆಯದ ಶಾಲೆ! ಒಬ್ಬನೇ ಮಗು ಎದುರಿಗಿರುವಾಗ ದಿನಕ್ಕೆ ಎರಡು ಗಂಟೆಯ ಕೂತು ಕಲಿಯುವ ಕೆಲಸ ಧಾರಾಳ. ಅದನ್ನೂ ಹದಿನೈದು, ಇಪ್ಪತ್ತು ನಿಮಿಷದ ತುಂಡು ಮಾಡಿ.

ಆ ಎರಡು ಗಂಟೆಯಲ್ಲಿ ಓದು ಕಲಿಸುವುದು ಬೇರೆ, ಪಾಠ ಕಲಿಸುವುದು ಬೇರೆ ಎಂದು ಗೆರೆ ಎಳೆಯಿರಿ. ನನಗೆ ಮುಖ್ಯ ಅನ್ನಿಸುವುದು ಇದೇ. ಇವನಿಗೆ ಅಕ್ಷರ ನಿಧಾನ, ತಲೆ ನಿಧಾನವಲ್ಲ. ಐದನೇ ಕ್ಲಾಸಿನ ಸಮಾಜ, ವಿಜ್ಞಾನವನ್ನು ನೀವೇ ಓದಿ ಹೇಳಿ. ಸರ್ಕಾರಿ ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಕೋಡ್ ಇರುತ್ತದೆ, ಸ್ಕ್ಯಾನ್ ಮಾಡಿದರೆ ದೀಕ್ಷಾ ಎಂಬ ಸರ್ಕಾರಿ ಕಲಿಕಾ ಆ್ಯಪಿನಲ್ಲಿ ವಿಡಿಯೊ ಸಿಗುತ್ತದೆ. ಉತ್ತರವನ್ನು ಅವನು ಫೋನಿನಲ್ಲಿ ರೆಕಾರ್ಡ್ ಮಾಡಲಿ. ಓದು ಬರುವ ತನಕ ವಿಷಯ ಕಾಯಬೇಕಾಗಿಲ್ಲ. ಕಾಯಿಸಿದರೆ ಹದಿಮೂರನೇ ವಯಸ್ಸಿಗೆ ಓದೂ ಇಲ್ಲ, ತಿಳಿವಳಿಕೆಯೂ ಇಲ್ಲ ಎಂದಾಗುತ್ತದೆ.

ಓದಿನ ಪಾಠಕ್ಕೆ ಒಂದೇ ಲಿಪಿಯಿಂದ ಶುರು ಮಾಡಿ. ನಮ್ಮ ಮಕ್ಕಳ ಪಾಡು ನೋಡಿ: ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಇಂಗ್ಲಿಷ್, ಕನ್ನಡ, ಹಿಂದಿ ಮೂರು ಲಿಪಿ. ಮನೆಮಾತು ಬಿಟ್ಟು ಇಂಗ್ಲಿಷಿನಲ್ಲೇ ಮಾತಾಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಎರಡು ಮೂರು ಭಾಷೆ ಕಿವಿಗೆ ಬಿದ್ದರೆ ಡಿಸ್ಲೆಕ್ಸಿಯಾ ಬರುವುದಿಲ್ಲ. ಕಷ್ಟ ಇರುವುದು ಅಕ್ಷರದಲ್ಲಿ. ಕನ್ನಡದ ವ, ಪ, ಮ, ಷ ಇವನ ಕಣ್ಣಿಗೆ ಒಂದೇ ಥರ ಕಾಣಬಹುದು. ಒತ್ತಕ್ಷರ ಕೆಳಗೆ ಕೂರುತ್ತದೆ. 'ಸೂರ್ಯ' ಎನ್ನುವಾಗ ರಕಾರದ ಸದ್ದು ಮೊದಲು ಬರುತ್ತದೆ, ಅರ್ಕಾವತ್ತು ಮಾತ್ರ ಕೊನೆಗೆ ಕಾಣುತ್ತದೆ. ಇದರಲ್ಲಿ ತಪ್ಪು ಮಾಡುವುದು ಸೋಮಾರಿತನವಲ್ಲ. ಹೋಲುವ ಅಕ್ಷರಗಳನ್ನು ಒಟ್ಟಿಗೆ ಕಲಿಸಬೇಡಿ. ವ ಗಟ್ಟಿಯಾದ ಮೇಲೆ ಪ. ತಟ್ಟೆಯಲ್ಲಿ ಅಕ್ಕಿ ಹರಡಿ ಬೆರಳಲ್ಲಿ ಬರೆಯಲಿ, ಬರೆಯುವಾಗ ಸದ್ದು ಬಾಯಲ್ಲಿ ಬರಲಿ. ಒಂದು ಅಕ್ಷರಕ್ಕೆ ಒಂದು ವಾರ ಹೋದರೂ ಹೋಗಲಿ. ಈ ಭಾಗವನ್ನು ವಾರಕ್ಕೆ ಎರಡು ದಿನವಾದರೂ ವಿಶೇಷ ಶಿಕ್ಷಕರು ಮಾಡಿದರೆ ಒಳ್ಳೆಯದು. ಹೋಮ್‌ವರ್ಕ್ ಹೆಸರಲ್ಲಿ ಅಮ್ಮ ಮಗನ ನಡುವೆ ಈಗಾಗಲೇ ದಿನಾ ಯುದ್ಧ ಆಗುತ್ತಿದ್ದರೆ ಇದು ಬೇಕೇಬೇಕು.

ಉಳಿದ ಹೊತ್ತು? ನೀವು ಇರುವುದು ಕಾಪುವಿನಲ್ಲಿ, ಮಲ್ಪೆಯ ಮೀನು ಬಂದರು ಹತ್ತಿರದಲ್ಲೇ ಇದೆ ಮಾರಾಯ್ರೇ! ಬಂಗುಡೆ ಕಿಲೋಗೆ ಇಷ್ಟು, ಮುಕ್ಕಾಲು ಕಿಲೋಗೆ ಎಷ್ಟು, ಐನೂರು ಕೊಟ್ಟರೆ ಚಿಲ್ಲರೆ ಎಷ್ಟು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಯಾಕೆ ಕಡಲಿಗೆ ಇಳಿಯುವುದಿಲ್ಲ, ಮೀನು ಮರಿ ಮಾಡುವ ಕಾಲಕ್ಕೂ ಅದಕ್ಕೂ ಏನು ಸಂಬಂಧ, ಆಗ ಮೀನಿನ ರೇಟು ಯಾಕೆ ಏರುತ್ತದೆ. ವಿಜ್ಞಾನ, ಲೆಕ್ಕ, ವ್ಯಾಪಾರ ಮೂರೂ ಬಂತು. ಸರ್ವಿಸ್ ಬಸ್ಸಿನಲ್ಲಿ ಟಿಕೆಟ್ ಅವನೇ ತೆಗೆಯಲಿ. ಬೋರ್ಡು ಓದಲು ಆಗದಿದ್ದರೆ ಕಂಡಕ್ಟರ್ ಹತ್ತಿರ ಕೇಳಲು ಕಲಿಯಲಿ. ಓದಲು ಕಷ್ಟ ಇರುವವನಿಗೆ ನಾಚಿಕೆಯಿಲ್ಲದೆ ಕೇಳುವ ಅಭ್ಯಾಸ ದೊಡ್ಡ ಬಲ.

ಗೆಳೆಯರ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ, ನಷ್ಟ ಇದೆ. ಹಗಲು ಹತ್ತರಿಂದ ನಾಲ್ಕರವರೆಗೆ ಓಣಿಯಲ್ಲಿ ಒಂದು ಮಗುವೂ ಇರುವುದಿಲ್ಲ. ಸಂಜೆ ಯಕ್ಷಗಾನದ ಕ್ಲಾಸೋ ಈಜೋ ಕ್ರಿಕೆಟ್ಟೋ ಏನಾದರೊಂದು ಖಾಯಂ ಇರಲಿ. ಯಕ್ಷಗಾನಕ್ಕೆ ನನ್ನದೊಂದು ಓಟು ಜಾಸ್ತಿ. ಅಲ್ಲಿ ತಾಳ, ಹೆಜ್ಜೆ, ಮಾತು ಎಲ್ಲ ಕೇಳಿ, ನೋಡಿ ಕಲಿಯುವುದು. ಓದು ಬಾರದ ಹುಡುಗ ಅಲ್ಲಿ ಹಿಂದೆ ಬೀಳಬೇಕಾಗಿಲ್ಲ. ಮದುವೆ ಮನೆಯಲ್ಲಿ 'ಎಷ್ಟನೇ ಕ್ಲಾಸ್ ಮಗಾ?' ಎಂದು ಕೇಳಿಯೇ ಕೇಳುತ್ತಾರೆ. 'ಮನೆಯಲ್ಲೇ ಕಲೀತಿದ್ದೇನೆ, ಐದನೇದು' ಎಂದು ಅವನೇ ಹೇಳುವ ಹಾಗೆ ಮೊದಲೇ ಮಾತಾಡಿಕೊಳ್ಳಿ.

ಎಸ್ಸೆಸ್ಸೆಲ್ಸಿ ಚಿಂತೆ ಇಷ್ಟು ಬೇಗ ಬೇಡ, ಆದರೂ ಹೇಳುತ್ತೇನೆ. ಕೇಂದ್ರ ಸರ್ಕಾರದ ಎನ್‌ಐಒಎಸ್ ಎಂಬ ಮುಕ್ತ ಶಾಲಾ ವ್ಯವಸ್ಥೆ 1989ರಿಂದ ಇದೆ. ಹದಿನಾಲ್ಕು ತುಂಬಿದರೆ ಹತ್ತನೇ ತರಗತಿಗೆ ಸೇರಬಹುದು. ಐದು ವಿಷಯ ಸಾಕು, ಅದರಲ್ಲಿ ಭಾಷೆ ಒಂದೇ ಇದ್ದರೂ ನಡೆಯುತ್ತದೆ. ಮೂರು ಭಾಷೆಯ ಹೊರೆ ಹೊತ್ತ ಮಗುವಿಗೆ ಇದೇ ಅರ್ಧ ಬಿಡುಗಡೆ. ಗಣಿತ ಕಡ್ಡಾಯವಲ್ಲ, ಆದರೆ ಮುಂದೆ ಸೈನ್ಸ್ ಬೇಕಾದರೆ ಅದನ್ನು ಬಿಡಬೇಡಿ. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್, ಹೀಗೆ ವರ್ಷಕ್ಕೆ ಎರಡು ಸಲ ಪರೀಕ್ಷೆ. ಒಂದೊಂದೇ ವಿಷಯ ಪಾಸು ಮಾಡುತ್ತಾ ಐದು ವರ್ಷದಲ್ಲಿ ಮುಗಿಸಬಹುದು. ಅದಕ್ಕೆ ಮುಂಚಿನ ಮಟ್ಟಗಳೂ ಇವೆ: ಮೂರು, ಐದು, ಎಂಟನೇ ತರಗತಿಗೆ ಸಮ. ಪಿಯುಸಿಗೆ ಯಾವ ಕಾಲೇಜು ಎಂದು ಮನಸ್ಸಿನಲ್ಲಿದೆಯೋ ಅಲ್ಲಿ ಏನೇನು ಕಾಗದ ಬೇಕು ಎಂದು ಒಂದು ವರ್ಷ ಮೊದಲೇ ವಿಚಾರಿಸಿ.

ಇಲ್ಲೊಂದು ಗೊಂದಲ ಬಿಡಿಸಬೇಕು. ಶಾಲೆಗೆ ಹೋಗಲು ಆಗದಷ್ಟು ತೀವ್ರ ಅಥವಾ ಬಹುವಿಧ ಅಂಗವೈಕಲ್ಯ ಇರುವ ಮಕ್ಕಳಿಗೆ ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಗೃಹಾಧಾರಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಹೆಸರು ಶಾಲೆಯಲ್ಲೇ ಇರುತ್ತದೆ, ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿ ಕಡೆಯಿಂದ ಸಂಪನ್ಮೂಲ ಶಿಕ್ಷಕರು ಮನೆಗೆ ಬರುತ್ತಾರೆ. ಅದು ನಿಮ್ಮ ಮಗನಿಗೆ ಅಲ್ಲ. ಆದರೆ ಓದುಗರಲ್ಲಿ ಅಂಥ ಮಗು ಇರುವವರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಅದನ್ನು ಕೇಳಿ ಪಡೆಯಬೇಕು.

ಮಗಳ ಬಗ್ಗೆ. ಅವಳಿಗೆ ಶಾಲೆ ಹಿಡಿಸಿದೆ, ಗೆಳತಿಯರಿದ್ದಾರೆ. ಅಣ್ಣನಿಗೆ ಬೇಕಾದದ್ದು ಅವಳಿಗೆ ಬೇಡ. ಇಬ್ಬರಿಗೂ ಒಂದೇ ಥರ ಮಾಡಿದರೆ ಒಬ್ಬರಿಗೆ ಅನ್ಯಾಯ. 'ಅಣ್ಣನಿಗೆ ಮಾತ್ರ ರಜೆ ಯಾಕೆ?' ಎಂದು ಅವಳು ಕೇಳುತ್ತಾಳೆ. ಅಕ್ಷರ ಓದಲು ಅವನಿಗೆ ಕಷ್ಟ, ಅದಕ್ಕೆ ಬೇರೆ ಥರ ಕಲಿಯುತ್ತಾನೆ ಎಂದು ನೇರವಾಗಿ ಹೇಳಿ. ಏಳು ವರ್ಷದ ಮಗುವಿಗೆ ಅರ್ಥವಾಗುತ್ತದೆ. 'ನಿನ್ನ ತಂಗಿಯನ್ನು ನೋಡಿ ಕಲಿ' ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರಬಾರದು, ಅಜ್ಜಿಯ ಬಾಯಿಂದಲೂ. ಅವಳನ್ನು ಅವನಿಗೆ ಟೀಚರ್ ಮಾಡಲೂ ಬೇಡಿ. ಅವನಿಗಾಗಿ ಓಡಾಡುವ ಭರದಲ್ಲಿ ಚೆನ್ನಾಗಿ ಓದುವ ಮಗು ಸುಮ್ನೆ ಮೂಲೆಗೆ ಸರಿಯುತ್ತದೆ. ಅವಳು ಶಾಲೆಯಿಂದ ಬಂದ ಮೇಲಿನ ಒಂದು ಗಂಟೆ ಅವಳದ್ದೇ ಇರಲಿ.

ಕೊನೆಯದಾಗಿ, ನಿಮ್ಮ ಕೈಯಲ್ಲಿ ಎಷ್ಟಾಗುತ್ತದೆ ಎಂಬುದು. ಪತ್ರದಲ್ಲಿ ಕೆಲಸದ ಬಗ್ಗೆ ಏನೂ ಬರೆದಿಲ್ಲ. ಅಮ್ಮ ಕೆಲಸ ಬಿಟ್ಟು ಕೂತರೆ ಆಯಿತು ಎಂದು ಮನೆಯವರು ತೀರ್ಮಾನಿಸಿದ್ದರೆ ಅದನ್ನು ಒಪ್ಪುವ ಮೊದಲು ಖರ್ಚಿನ ಲೆಕ್ಕ ಬರೆಯಿರಿ, ಅಪ್ಪ ಯಾವ ಹೊತ್ತು, ಯಾವ ವಿಷಯ ನೋಡಿಕೊಳ್ಳುತ್ತಾರೆ ಎಂದೂ ಬರೆಯಿರಿ. ದಸರಾ ರಜೆಯಲ್ಲಿ ಇದೇ ಕ್ರಮವನ್ನು ನಡೆಸಿ ನೋಡಿ. ಬೇಸಿಗೆ ರಜೆಯಲ್ಲಿ ಇನ್ನಷ್ಟು ದಿನ ಸಿಗುತ್ತದೆ. ಆಗಲೂ ನಡೆಯಬಹುದು ಅನ್ನಿಸಿದರೆ ಜೂನ್‌ಗೆ ಮುಂಚೆ ಟಿಸಿ ಅರ್ಜಿ ಕೊಡಿ. ಆ ಅರ್ಜಿಯ ಮಾತನ್ನು ಮಗನ ಹತ್ತಿರವೂ ಒಮ್ಮೆ ಕೇಳಿ.