ಆರು ಸಾವಿರ ಹೊರಗ್ರಹಗಳು ಸಿಕ್ಕಿವೆ, ಅವುಗಳ ಚಂದ್ರ ಯಾಕೆ ಇನ್ನೂ ಸಿಕ್ಕಿಲ್ಲ?

ಪ್ರಶ್ನೆ: ಬೇರೆ ನಕ್ಷತ್ರಗಳನ್ನು ಸುತ್ತುವ ಗ್ರಹಗಳ ಸಂಖ್ಯೆ 2025ರಲ್ಲೇ 6,000 ದಾಟಿತು. ನಮ್ಮ ಗುರು, ಶನಿಗಳಿಗೆ ಹತ್ತಾರು ಉಪಗ್ರಹಗಳಿವೆ. ಹಾಗಿದ್ದೂ ಆ ದೂರದ ಗ್ರಹಗಳಲ್ಲಿ ಒಂದಕ್ಕಾದರೂ ಚಂದ್ರನಿದ್ದಾನೆ ಎಂದು ಯಾರೂ ಖಚಿತವಾಗಿ ಹೇಳುತ್ತಿಲ್ಲ. ದೂರದರ್ಶಕಗಳಿಗೆ ಅಷ್ಟು ಶಕ್ತಿ ಇಲ್ಲವೇ?

ಉತ್ತರ: ಶಕ್ತಿ ಸಾಲದು ಎಂಬುದು ಅರ್ಧ ಉತ್ತರ. ಚಂದ್ರ ಇರಬಹುದು ಎನ್ನಿಸುವಷ್ಟು ಗಟ್ಟಿಯಾದ ಸುಳಿವು ಎರಡು ಗ್ರಹಗಳಲ್ಲಿ ಸಿಕ್ಕಿದೆ. ಆದರೆ ಆ ಸುಳಿವು ನಕ್ಷತ್ರದ್ದಲ್ಲ, ಉಪಕರಣದ್ದಲ್ಲ, ಲೆಕ್ಕ ಹಾಕಿದವರ ಆಯ್ಕೆಯದ್ದೂ ಅಲ್ಲ ಎಂದು ತೋರಿಸಲು ಆಗಿಲ್ಲ. ಈ ಕ್ಷೇತ್ರದಲ್ಲಿ ಸಂಶೋಧಕರ ಹೆಚ್ಚಿನ ವರ್ಷಗಳು ಹೋಗುವುದು ಅಲ್ಲಿಯೇ.

ಮೊದಲು ಅಳತೆ ನೋಡೋಣ. 2012ರ ಜೂನ್ 6ರ ಬೆಳಿಗ್ಗೆ ಶುಕ್ರ ಸಂಕ್ರಮಣ ನೋಡಿದವರಿಗೆ ವಿಧಾನ ಗೊತ್ತು: ಗ್ರಹ ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ ಬೆಳಕು ಒಂದಿಷ್ಟು ಕುಂದುತ್ತದೆ. ಎಷ್ಟು ಕುಂದುತ್ತದೆ ಎಂಬುದು ಎರಡರ ತ್ರಿಜ್ಯಗಳ ಅನುಪಾತದ ವರ್ಗ. ಸೂರ್ಯನಂಥ ನಕ್ಷತ್ರದ ಮುಂದೆ ಗುರು ಹಾದರೆ ನೂರಕ್ಕೆ ಒಂದು ಪಾಲು. ಭೂಮಿ ಹಾದರೆ 10 ಲಕ್ಷದಲ್ಲಿ 84 ಪಾಲು. ಸೌರಮಂಡಲದ ಅತಿ ದೊಡ್ಡ ಉಪಗ್ರಹವಾದ ಗ್ಯಾನಿಮೀಡ್ ಹಾದರೆ 14, ನಮ್ಮ ಚಂದ್ರ ಹಾದರೆ ಬರೀ 6. ನಾಸಾದ ಕೆಪ್ಲರ್ ಬಾಹ್ಯಾಕಾಶ ದೂರದರ್ಶಕಕ್ಕೆ 12ನೇ ಕಾಂತಿಮಾನದ, ಅಂದರೆ ಬರಿಗಣ್ಣಿಗೆ ಕಾಣದಷ್ಟು ಮಂಕಾದ, ನಕ್ಷತ್ರವೊಂದರ ಬೆಳಕಿನಲ್ಲಿ, ಆರೂವರೆ ಗಂಟೆಗಳ ಸರಾಸರಿ ತೆಗೆದ ಮೇಲೂ, ಸುಮಾರು 30 ಪಾಲಿನ ಏರಿಳಿತ ಉಳಿದೇ ಇರುತ್ತಿತ್ತು. ಗ್ಯಾನಿಮೀಡ್ ಅದರಲ್ಲಿ ಮುಳುಗಿಹೋಗುತ್ತದೆ. ಹೀಗಾಗಿ ಇದುವರೆಗೆ ಹುಡುಕಲು ಸಾಧ್ಯವಾಗಿರುವುದು ಭೂಮಿಯಷ್ಟು ಅಥವಾ ಅದಕ್ಕಿಂತ ದೊಡ್ಡ ಉಪಗ್ರಹಗಳನ್ನು. ಅಂಥದ್ದು ನಮ್ಮ ಸೌರಮಂಡಲದಲ್ಲಿ ಒಂದೂ ಇಲ್ಲ.

ಹತ್ತಾರು ಸಂಕ್ರಮಣಗಳನ್ನು ಒಂದರ ಮೇಲೊಂದು ಕೂಡಿಸಿ ಏರಿಳಿತವನ್ನು ಅಡಗಿಸಬಹುದಲ್ಲ ಎಂದು ಕೇಳಬಹುದು. ಗ್ರಹಕ್ಕೆ ಅದು ನಡೆಯುತ್ತದೆ, ಏಕೆಂದರೆ ಅದರ ಮಬ್ಬು ಪ್ರತಿ ಸಲ ಅದೇ ಜಾಗದಲ್ಲಿ ಬೀಳುತ್ತದೆ. ಉಪಗ್ರಹ ಹಾಗಲ್ಲ. ಒಮ್ಮೆ ಗ್ರಹಕ್ಕಿಂತ ಮುಂದೆ, ಇನ್ನೊಮ್ಮೆ ಹಿಂದೆ, ಮತ್ತೊಮ್ಮೆ ಗ್ರಹದ ಮರೆಯಲ್ಲಿ. ಕೂಡಿಸಿದರೆ ಎರಡೂ ಬದಿಗೆ ಹರಡಿಹೋದ ತೆಳುವಾದ ಕುಸಿತ ಮಾತ್ರ ಉಳಿಯುತ್ತದೆ. ಅಲೆಕ್ಸ್ ಟೀಚಿ, ಡೇವಿಡ್ ಕಿಪ್ಪಿಂಗ್ ಮತ್ತು ಅಲನ್ ಸ್ಮಿಟ್ 2018ರಲ್ಲಿ 284 ಗ್ರಹಗಳ ದತ್ತಾಂಶದಲ್ಲಿ ಈ ಹರಡಿದ ಕುಸಿತವನ್ನೇ ಹುಡುಕಿದರು. ನಕ್ಷತ್ರಕ್ಕೆ ಹತ್ತಿರದ ಇಂಥ ಗ್ರಹಗಳಲ್ಲಿ ಗುರುವಿನ ನಾಲ್ಕು ದೊಡ್ಡ ಉಪಗ್ರಹಗಳಂಥ ಕೂಟ ಇರುವುದು ಹೆಚ್ಚೆಂದರೆ ನೂರಕ್ಕೆ 38ರಲ್ಲಿ ಎಂಬ ಮೇಲ್ಮಿತಿ ಸಿಕ್ಕಿತು.

ಎಲ್ಲಿ ಹುಡುಕಬೇಕು ಎಂಬುದರಲ್ಲೇ ಇನ್ನೊಂದು ತೊಡಕಿದೆ. ಗ್ರಹವೊಂದು ಉಪಗ್ರಹವನ್ನು ಹಿಡಿದಿಟ್ಟುಕೊಳ್ಳಬಲ್ಲ ವಲಯಕ್ಕೆ ಹಿಲ್ ಗೋಳ ಎನ್ನುತ್ತಾರೆ. ಗ್ರಹ ಸುತ್ತುವ ದಿಕ್ಕಿನಲ್ಲೇ ಸುತ್ತುವ ಉಪಗ್ರಹ ಈ ಗೋಳದ ಸುಮಾರು ಅರ್ಧ ತ್ರಿಜ್ಯದೊಳಗೆ ಇದ್ದರಷ್ಟೇ ಬಹುಕಾಲ ಉಳಿಯುತ್ತದೆ. ನಮ್ಮ ಗುರುವಿನ ಹಿಲ್ ಗೋಳದ ತ್ರಿಜ್ಯ 5 ಕೋಟಿ ಕಿಲೋಮೀಟರಿಗೂ ಹೆಚ್ಚು. ಅದೇ ಗುರುವನ್ನು ಸೂರ್ಯನಿಗೆ ಭೂಮಿಗಿಂತ 20 ಪಟ್ಟು ಹತ್ತಿರಕ್ಕೆ ತಂದರೆ ಅದು ಸುಮಾರು 5 ಲಕ್ಷ ಕಿಲೋಮೀಟರಿಗೆ ಕುಗ್ಗುತ್ತದೆ, ಅದರಲ್ಲೂ ಅರ್ಧ ಮಾತ್ರ ಸುರಕ್ಷಿತ. ಗುರುವಿನಿಂದ 4.2 ಲಕ್ಷ ಕಿಲೋಮೀಟರ್ ದೂರದಲ್ಲಿರುವ ಅಯೋ ಕೂಡ ಅಲ್ಲಿ ನಿಲ್ಲಲಾರದು. ಆದ್ದರಿಂದ ನಕ್ಷತ್ರಕ್ಕೆ ಅಂಟಿಕೊಂಡಂತೆ ಸುತ್ತುವ, ಮೂರು ನಾಲ್ಕು ದಿನಕ್ಕೊಮ್ಮೆ ಸಂಕ್ರಮಿಸುವ ಗ್ರಹಗಳನ್ನು ಪಕ್ಕಕ್ಕಿಟ್ಟು ದೂರದ ಗ್ರಹಗಳನ್ನು ನೋಡಬೇಕು. ಆದರೆ ಭೂಮಿಯಷ್ಟು ದೂರದ ಗ್ರಹ ನಮ್ಮ ದೃಷ್ಟಿರೇಖೆಗೆ ಸರಿಯಾಗಿ ಸಂಕ್ರಮಿಸುವ ಸಾಧ್ಯತೆ 215ರಲ್ಲಿ ಒಂದು, ಗುರುವಿನಷ್ಟು ದೂರದ್ದಕ್ಕೆ 1,100ರಲ್ಲಿ ಒಂದು. ಸಂಕ್ರಮಿಸಿದರೂ ವರ್ಷಕ್ಕೊಮ್ಮೆಯೋ ಹನ್ನೆರಡು ವರ್ಷಕ್ಕೊಮ್ಮೆಯೋ. ಉಪಗ್ರಹ ಉಳಿಯುವ ಕಡೆ ಸಂಕ್ರಮಣ ಅಪರೂಪ, ಸಂಕ್ರಮಣ ಹೇರಳವಾಗಿರುವ ಕಡೆ ಉಪಗ್ರಹ ಉಳಿಯುವುದಿಲ್ಲ.

ಬೆಳಕಿನ ಕುಸಿತವನ್ನು ಬಿಟ್ಟು ಗಡಿಯಾರ ನೋಡುವುದು ಇನ್ನೊಂದು ದಾರಿ. ಇದನ್ನು 1999ರಲ್ಲಿ ಸಾರ್ತೊರೆಟ್ಟಿ ಮತ್ತು ಶ್ನೈಡರ್ ಮುಂದಿಟ್ಟರು. ಚಂದ್ರನ ಸೆಳೆತದಿಂದ ಭೂಮಿಯ ಕೇಂದ್ರ, ಎರಡರ ತೂಕ ಸಮತೋಲಕ್ಕೆ ಬರುವ ಬಿಂದುವಿನಿಂದ 4,670 ಕಿಲೋಮೀಟರ್ ಆಚೀಚೆ ಸರಿಯುತ್ತಿರುತ್ತದೆ. ಭೂಮಿಯ ವೇಗ ಸೆಕೆಂಡಿಗೆ 29.8 ಕಿಲೋಮೀಟರ್. ಭಾಗಿಸಿದರೆ 157 ಸೆಕೆಂಡ್. ಅಂದರೆ ದೂರದಲ್ಲಿ ಕೂತು ನೋಡುವವರಿಗೆ ಭೂಮಿಯ ಸಂಕ್ರಮಣ ಎರಡೂವರೆ ನಿಮಿಷದಷ್ಟು ಬೇಗ ಅಥವಾ ತಡವಾಗಿ ಬರುತ್ತದೆ. ಗುರುವನ್ನು ಗ್ಯಾನಿಮೀಡ್ ಅಲುಗಿಸುವುದು 83 ಕಿಲೋಮೀಟರ್ ಮಾತ್ರ, ಸಿಗುವ ವ್ಯತ್ಯಾಸ 6 ಸೆಕೆಂಡ್. ಕೆಪ್ಲರ್ ಹೆಚ್ಚಿನ ನಕ್ಷತ್ರಗಳಿಗೆ 29.4 ನಿಮಿಷಕ್ಕೊಂದು ಅಳತೆಯನ್ನಷ್ಟೇ ಉಳಿಸಿಡುತ್ತಿತ್ತು.

ಅದಕ್ಕಿಂತ ದೊಡ್ಡ ಸಮಸ್ಯೆ, ಪಕ್ಕದ ಗ್ರಹ ಎಳೆದರೂ ಸಮಯ ಹೀಗೆಯೇ ಏರುಪೇರಾಗುತ್ತದೆ. ಇಲ್ಲಿ ಡೇವಿಡ್ ಕಿಪ್ಪಿಂಗ್ ಅವರ ಕೆಲಸ ಮುಖ್ಯವಾಗುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗಲೇ, 2009ರಲ್ಲಿ, ಅವರು ಒಂದು ಸರಳ ಸಂಗತಿಯನ್ನು ಲೆಕ್ಕಕ್ಕೆ ತಂದರು: ಉಪಗ್ರಹ ತನ್ನ ಗ್ರಹದ ಜಾಗವನ್ನಷ್ಟೇ ಅಲ್ಲ, ವೇಗವನ್ನೂ ಬದಲಿಸುತ್ತದೆ. ವೇಗ ಹೆಚ್ಚಿದರೆ ಸಂಕ್ರಮಣದ ಅವಧಿ ಕಡಿಮೆಯಾಗುತ್ತದೆ. ಜಾಗದ ಸರಿತ ಅತಿ ಹೆಚ್ಚಿದ್ದಾಗ ವೇಗದ ಬದಲಾವಣೆ ಸೊನ್ನೆ, ವೇಗದ ಬದಲಾವಣೆ ಅತಿ ಹೆಚ್ಚಿದ್ದಾಗ ಸರಿತ ಸೊನ್ನೆ. ಎರಡರ ನಡುವೆ ಕಾಲು ಸುತ್ತಿನ ಅಂತರ. ಈ ಜೋಡಿ ಗುರುತು ಸಿಕ್ಕರೆ ಪಕ್ಕದ ಗ್ರಹದ ಮೇಲಿನ ಅನುಮಾನ ಬಹಳ ಮಟ್ಟಿಗೆ ಹೋಗುತ್ತದೆ. ಜತೆಗೆ ಉಪಗ್ರಹದ ತೂಕ ಎಷ್ಟು, ದೂರ ಎಷ್ಟು ಎಂಬುದನ್ನು ಬೇರೆ ಬೇರೆಯಾಗಿ ಬಿಡಿಸಬಹುದು. ಒಂದೇ ಗುರುತಿದ್ದರೆ ಹತ್ತಿರದ ಭಾರದ ಉಪಗ್ರಹಕ್ಕೂ ದೂರದ ಹಗುರ ಉಪಗ್ರಹಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಪಿಎಚ್‌ಡಿ 2011ರಲ್ಲಿ ಮುಗಿಯಿತು. ಆಮೇಲೆ ಹಾರ್ವರ್ಡ್, ಅಲ್ಲಿಂದ ಕೊಲಂಬಿಯಾ ವಿಶ್ವವಿದ್ಯಾಲಯ. ಗ್ರಹ ಮತ್ತು ಉಪಗ್ರಹ ಒಟ್ಟಿಗೆ ಸಂಕ್ರಮಿಸುವುದನ್ನು ಲೆಕ್ಕ ಹಾಕುವ ‘ಲೂನಾ’ ಎಂಬ ತಂತ್ರಾಂಶ ಬರೆದು, ಕೆಪ್ಲರ್ ದತ್ತಾಂಶವನ್ನು ಗ್ರಹವೊಂದೊಂದಾಗಿ ಜಾಲಾಡುವ ಯೋಜನೆಯನ್ನು 2012ರಲ್ಲಿ ಶುರುಮಾಡಿದರು. ವರ್ಷಗಟ್ಟಲೆ ಬಂದದ್ದು ‘ಇಲ್ಲಿ ಇಲ್ಲ’ ಎಂಬ ಫಲಿತಾಂಶಗಳೇ. ಅವನ್ನೂ ಪ್ರಕಟಿಸುತ್ತ ಹೋದದ್ದು ಬೆಲೆಯುಳ್ಳ ಕೆಲಸ, ಮೇಲ್ಮಿತಿಗಳು ಹುಟ್ಟುವುದು ಅವುಗಳಿಂದಲೇ.

ಕೊನೆಗೆ ಕೆಪ್ಲರ್-1625ಬಿ. ಗುರುವಿನ ಗಾತ್ರದ ಈ ಗ್ರಹ 287 ದಿನಕ್ಕೊಮ್ಮೆ ಸುತ್ತುತ್ತದೆ. ಕೆಪ್ಲರ್ ಹಿಡಿದ ಮೂರು ಸಂಕ್ರಮಣಗಳಲ್ಲಿ ಅಕ್ಕಪಕ್ಕ ವಿಚಿತ್ರ ಕುಸಿತಗಳಿದ್ದವು. ಟೀಚಿ ಮತ್ತು ಕಿಪ್ಪಿಂಗ್ 2017ರ ಅಕ್ಟೋಬರ್ 28 ಮತ್ತು 29ರಂದು ಹಬಲ್ ದೂರದರ್ಶಕವನ್ನು 40 ಗಂಟೆ ಅದರ ಕಡೆಗೇ ತಿರುಗಿಸಿದರು. ಗ್ರಹ ನಿರೀಕ್ಷೆಗಿಂತ ಸುಮಾರು 78 ನಿಮಿಷ ಮೊದಲೇ ಬಂತು. ಸಂಕ್ರಮಣ ಮುಗಿದು ಮೂರೂವರೆ ಗಂಟೆಯಾದ ಮೇಲೆ ಇನ್ನೊಂದು ಚಿಕ್ಕ ಮಬ್ಬು ಶುರುವಾಯಿತು. ಅದು ಪೂರ್ತಿ ತಿಳಿಯಾಗುವ ಮೊದಲೇ ಹಬಲ್‌ನ ಸಮಯ ಮುಗಿದಿತ್ತು. ನೆಪ್ಚೂನ್ ಗಾತ್ರದ ಉಪಗ್ರಹವಿದ್ದರೆ ಎರಡೂ ಹೊಂದಿಕೆಯಾಗುತ್ತವೆ ಎಂದು 2018ರ ಅಕ್ಟೋಬರಿನಲ್ಲಿ ಪ್ರಕಟಿಸಿದರು, ಸಿಕ್ಕೇಬಿಟ್ಟಿತು ಎಂದು ಮಾತ್ರ ಬರೆಯಲಿಲ್ಲ.

ಹಬಲ್‌ನ ಕಚ್ಚಾ ಅಳತೆ ಸಪಾಟಾಗಿರುವುದಿಲ್ಲ. ಸುಮಾರು 96 ನಿಮಿಷದ ಪ್ರತಿ ಸುತ್ತಿನ ಶುರುವಿನಲ್ಲಿ ಸಂವೇದಕ ನಿಧಾನವಾಗಿ ಸ್ಥಿರಕ್ಕೆ ಬರುತ್ತದೆ, ಭೂಮಿ ಅಡ್ಡ ಬಂದಾಗ ಅಳತೆ ನಿಲ್ಲುತ್ತದೆ, 40 ಗಂಟೆಗಳುದ್ದಕ್ಕೂ ಒಂದು ನಿಧಾನದ ಇಳಿಜಾರು ಇರುತ್ತದೆ. ಆ ಇಳಿಜಾರಿಗೆ ಸರಳರೇಖೆ ಹಾಕುತ್ತೀರೋ ವಕ್ರರೇಖೆ ಹಾಕುತ್ತೀರೋ ಎಂಬುದರ ಮೇಲೆ ಉಪಗ್ರಹದ ಸಾಕ್ಷ್ಯ ಬಲವಾಗುತ್ತದೆ ಅಥವಾ ಸೊರಗುತ್ತದೆ. 2019ರಲ್ಲಿ ಲಾರಾ ಕ್ರೈಡ್‌ಬರ್ಗ್ ಮತ್ತು ಸಂಗಡಿಗರು ಅದೇ ದತ್ತಾಂಶವನ್ನು ಮೊದಲಿನಿಂದ ಸಂಸ್ಕರಿಸಿದಾಗ ಎರಡನೇ ಮಬ್ಬು ಕಾಣಲಿಲ್ಲ. ಬೇಗ ಬಂದ ಸಂಕ್ರಮಣಕ್ಕೆ ಕಣ್ಣಿಗೆ ಬೀಳದ ಇನ್ನೊಂದು ಗ್ರಹವೂ ಕಾರಣವಾಗಿರಬಹುದು.

ಎರಡನೆಯದು ಕೆಪ್ಲರ್-1708ಬಿ, ಸುತ್ತಿಗೆ 737 ದಿನ, ಕೈಯಲ್ಲಿರುವುದು ಎರಡೇ ಸಂಕ್ರಮಣ. 2022ರ ಜನವರಿಯಲ್ಲಿ ಕಿಪ್ಪಿಂಗ್ ತಂಡ ಭೂಮಿಯ 2.6 ಪಟ್ಟು ತ್ರಿಜ್ಯದ ಉಪಗ್ರಹದ ಸುಳಿವು ವರದಿ ಮಾಡಿತು. ಸುಳ್ಳು ಸುಳಿವಾಗಿರುವ ಸಾಧ್ಯತೆ ನೂರಕ್ಕೆ ಒಂದರಷ್ಟು. ಕೇಳಲು ಭದ್ರವಾಗಿದೆ, ಆದರೆ ಅವರು ಜಾಲಾಡಿದ್ದು 70 ಗ್ರಹಗಳನ್ನು. ನೂರಕ್ಕೊಂದರ ತಪ್ಪು 70ರಲ್ಲಿ ಒಂದು ಕಡೆ ತಲೆಹಾಕಿದರೆ ಆಶ್ಚರ್ಯವಿಲ್ಲ. 2023ರ ಡಿಸೆಂಬರಿನಲ್ಲಿ ರೆನೆ ಹೆಲ್ಲರ್ ಮತ್ತು ಮೈಕೆಲ್ ಹಿಪ್ಕೆ ತಮ್ಮ ‘ಪಂಡೋರಾ’ ತಂತ್ರಾಂಶ ಬಳಸಿ ಎರಡೂ ಕಡೆ ದೊಡ್ಡ ಉಪಗ್ರಹ ಇರುವುದು ಅನುಮಾನ ಎಂದರು. ನಕ್ಷತ್ರದ ಅಂಚು ನಡುಭಾಗಕ್ಕಿಂತ ಮಂಕಾಗಿರುತ್ತದೆ, ಆ ಮಂಕುತನವನ್ನು ಕೊಂಚ ತಪ್ಪಾಗಿ ಲೆಕ್ಕಕ್ಕೆ ಹಿಡಿದರೆ ಉಳಿಯುವ ಶೇಷವನ್ನು ಉಪಗ್ರಹದ ಮಾದರಿ ತನ್ನದಾಗಿಸಿಕೊಳ್ಳುತ್ತದೆ ಎಂಬುದು ಅವರ ವಾದದ ಒಂದು ಭಾಗ. ಕಿಪ್ಪಿಂಗ್ ತಂಡ ಇದನ್ನು ಒಪ್ಪದೆ ಉತ್ತರ ಬರೆದಿದೆ. ಸದ್ಯಕ್ಕೆ ಎರಡನ್ನೂ ‘ಅಭ್ಯರ್ಥಿ’ ಎಂಬ ಪಟ್ಟಿಯಲ್ಲೇ ಇಡುವುದು ಸರಿ.

ಕೆಪ್ಲರ್ ದತ್ತಾಂಶ ನಾಸಾದ ಮಾಸ್ಟ್ ಭಂಡಾರದಲ್ಲಿ ಎಲ್ಲರಿಗೂ ಉಚಿತ. ಪ್ರಯತ್ನಿಸಬೇಕೆನ್ನುವ ವಿದ್ಯಾರ್ಥಿಗಳು ಎಡವುವ ಮೊದಲ ಜಾಗ, ನಕ್ಷತ್ರದ ನಿಧಾನದ ಏರಿಳಿತವನ್ನು ತೆಗೆದು ಬೆಳಕಿನ ರೇಖೆಯನ್ನು ಸಪಾಟು ಮಾಡುವ ಹಂತ. ಗ್ರಹದ ಸಂಕ್ರಮಣವನ್ನಷ್ಟೇ ಮುಚ್ಚಿಟ್ಟು ಸಪಾಟು ಮಾಡಿದರೆ ಪಕ್ಕದಲ್ಲಿರಬಹುದಾದ ಉಪಗ್ರಹದ ಕುಸಿತವೂ ಅಳಿಸಿಹೋಗುತ್ತದೆ. ಹಿಲ್ ಗೋಳ ದಾಟಲು ಬೇಕಾದಷ್ಟು ಹೊತ್ತು, ಅಂದರೆ ಭೂಮಿಯಂಥ ಕಕ್ಷೆಯ ಭೂಮಿಗಾತ್ರದ ಗ್ರಹಕ್ಕೆ ಎರಡೂ ಬದಿ 14 ಗಂಟೆ, ಮುಚ್ಚಿಡಬೇಕು. ಸಪಾಟು ಮಾಡುವ ಕಿಟಕಿ, ಅಂದರೆ ಒಮ್ಮೆಗೆ ಲೆಕ್ಕಕ್ಕೆ ಹಿಡಿಯುವ ಅವಧಿ, ಈ ಮುಚ್ಚಿಟ್ಟ ಅವಧಿಗಿಂತ ಮೂರು ಪಟ್ಟಾದರೂ ಅಗಲವಿರಲಿ. ಒಂದೇ ವಿಧಾನವನ್ನು ನಂಬದೆ ಕನಿಷ್ಠ ಮೂರು ವಿಧಾನಗಳಲ್ಲಿ ಮಾಡಿ, ಒಂದರಲ್ಲಿ ಮಾತ್ರ ಕಾಣುವ ಕುಸಿತವನ್ನು ಕೈಬಿಡಿ. ಆಮೇಲೆ ಗ್ರಹ ಮಾತ್ರ ಇರುವ ಮಾದರಿ, ಅದರಲ್ಲಿ ಹೊಂದಿಸಬೇಕಾದ ಅಂಶಗಳು (ಪ್ಯಾರಾಮೀಟರ್) ಸುಮಾರು 7. ಉಪಗ್ರಹ ಸೇರಿಸಿದರೆ 14. ಅಂಶ ಹೆಚ್ಚಿದಂತೆ ಯಾವ ರೇಖೆಯಾದರೂ ಚೆನ್ನಾಗಿ ಹೊಂದುತ್ತದೆ, ಆದ್ದರಿಂದ ಹೆಚ್ಚುವರಿ ಅಂಶಗಳಿಗೆ ದಂಡ ಹಾಕುವ ಬೇಯೀಸಿಯನ್ ಹೋಲಿಕೆ ಬೇಕೇ ಬೇಕು. ಸಂಕ್ರಮಣದ ನಡುವೆ ಬೆಳಕು ಚಿಕ್ಕದಾಗಿ ಮೇಲೆದ್ದರೆ ಉಪಗ್ರಹ ಗ್ರಹದ ಮುಂದೆ ಬಂದಿರಬಹುದು, ಗ್ರಹ ನಕ್ಷತ್ರದ ಕಲೆಯೊಂದನ್ನು ದಾಟಿರಲೂಬಹುದು. ಕಲೆಯ ಉಬ್ಬು ನೀಲಿಯಲ್ಲಿ ಹೆಚ್ಚು, ಕೆಂಪಿನಲ್ಲಿ ಕಡಿಮೆ. ಉಪಗ್ರಹದ್ದು ಎಲ್ಲ ಬಣ್ಣದಲ್ಲೂ ಹೆಚ್ಚುಕಡಿಮೆ ಒಂದೇ. ಕೊನೆಯದಾಗಿ, ಉಪಗ್ರಹವಿಲ್ಲದ ಕೃತಕ ಸಂಕ್ರಮಣಗಳನ್ನು ಅದೇ ನಕ್ಷತ್ರದ ಖಾಲಿ ಭಾಗಗಳಲ್ಲಿ ನೂರಾರು ಕಡೆ ಸೇರಿಸಿ, ನಿಮ್ಮ ತಂತ್ರಾಂಶ ಎಷ್ಟು ಸಲ ಇಲ್ಲದ ಉಪಗ್ರಹವನ್ನು ‘ಕಾಣುತ್ತದೆ’ ಎಂದು ಎಣಿಸಿ. ಈ ಎಣಿಕೆ ಇಲ್ಲದ ಯಾವ ಸುಳಿವನ್ನೂ ನಂಬಬೇಡಿ.

ಬೆಂಗಳೂರಿನಲ್ಲೂ ಈ ಕೆಲಸ ನಡೆದಿದೆ. ಕೋರಮಂಗಲದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ಸುಮನ್ ಸಾಹಾ ಮತ್ತು ಸುಜನ್ ಸೇನ್‌ಗುಪ್ತ 2022ರಲ್ಲಿ ಉಪಗ್ರಹವಿರುವ ಗ್ರಹದ ಸಂಕ್ರಮಣ ರೇಖೆಗೆ ಗಣಿತ ಸೂತ್ರಗಳನ್ನು ಕೊಟ್ಟರು. ಸೇನ್‌ಗುಪ್ತ ಅದಕ್ಕೂ ಮೊದಲು, 2016ರಲ್ಲಿ, ಮಾರ್ಕ್ ಮಾರ್ಲಿ ಜತೆ ಬೇರೆಯೇ ದಾರಿ ಸೂಚಿಸಿದ್ದರು: ಎಳೆಯ, ತಾನೇ ಬಿಸಿಯಿಂದ ಬೆಳಗುವ ದೈತ್ಯ ಗ್ರಹದ ಮುಂದೆ ಉಪಗ್ರಹ ಹಾದಾಗ ಗ್ರಹದ ಬೆಳಕಿನ ಧ್ರುವೀಕರಣ (ಬೆಳಕಿನ ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುವ ಪ್ರಮಾಣ) ಬದಲಾಗುತ್ತದೆ, ಅದನ್ನು ಅಳೆಯಬಹುದು ಎಂದು.

ಮುಂದಿನ ಪರೀಕ್ಷೆ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ್ದು. ಕಿಪ್ಪಿಂಗ್ ತಂಡದ ಕೋರಿಕೆಯಂತೆ 2024ರ ಅಕ್ಟೋಬರಿನಲ್ಲಿ ಅದು ಕೆಪ್ಲರ್-167ಇ ಎಂಬ ಗುರುವಿನಂಥ ಗ್ರಹವನ್ನು ಸುಮಾರು 60 ಗಂಟೆ ನೋಡಿತು. ಗ್ಯಾನಿಮೀಡ್‌ನಷ್ಟು ಚಿಕ್ಕದನ್ನು ಹುಡುಕುವ ಆಸೆ ಇಟ್ಟುಕೊಳ್ಳಬಹುದಾದ ಅಳತೆ ಇದು. ಅಲ್ಲಿ ಏನೇ ಕಂಡರೂ ಇನ್ನೊಂದು ಸಂಕ್ರಮಣದಲ್ಲಿ ಅದು ಮತ್ತೆ ಕಾಣಬೇಕು. ಆ ಗ್ರಹದ ಒಂದು ಸುತ್ತಿಗೆ 1,071 ದಿನ, ಆದ್ದರಿಂದ ಮುಂದಿನ ಅವಕಾಶ 2027ರ ಅಕ್ಟೋಬರ್ ಆಸುಪಾಸಿಗೆ.